ಹಲಗೆಯ ಮೇಲೊಂದು ಖಾಪರಖೇಡಾ

ನಾಗಪುರದ ಉತ್ತರಕ್ಕಿರುವ ಖಾಪರಖೇಡಾದಲ್ಲಿ 1340 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಇಂಥ ಸ್ಥಾವರಗಳಿಗೆ ಕಲ್ಲಿದ್ದಲು ತರುವ ಗೂಡ್ಸ್ ಗಾಡಿಗೆ ಸಾಮಾನ್ಯವಾಗಿ 58 ವ್ಯಾಗನ್ನುಗಳು. ಒಂದೊಂದರ ಉದ್ದ ಸುಮಾರು 10.7 ಮೀಟರ್. ಮಾದರಿ ರೈಲಿನವರಿಗೆ ಚಿರಪರಿಚಿತವಾದ ಎಚ್‌ಒ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೂ ಆ ಸಾಲು ಏಳು ಮೀಟರ್ ದಾಟುತ್ತದೆ. ಮನೆಯ ಕೋಣೆಯಲ್ಲಿ ಅದಕ್ಕೆ ಜಾಗವೆಲ್ಲಿ?

ಆದ್ದರಿಂದ ಇಡೀ ಗಾಡಿಯ ಆಸೆ ಬಿಟ್ಟು, ವ್ಯಾಗನ್ ನಿಲ್ಲಿಸುವ ಸೈಡಿಂಗಿನ ಒಂದು ತುಣುಕನ್ನು ಆರಿಸಿಕೊಳ್ಳುವುದೇ ಜಾಣತನ.

ಬ್ರಿಟನ್ನಿನ ಆಲನ್ ರೈಟ್ ಇದಕ್ಕೊಂದು ಸೊಗಸಾದ ವಿನ್ಯಾಸ ಕೊಟ್ಟಿದ್ದಾರೆ. ಹೆಸರು ‘ಇಂಗಲ್‌ನುಕ್ ಸೈಡಿಂಗ್ಸ್’. ಹಳಿ ಕವಲೊಡೆಯುವ ಎರಡೇ ಪಾಯಿಂಟ್, ಮೂರು ಹಳಿ. ಒಂದರಲ್ಲಿ ಐದು ವ್ಯಾಗನ್ ನಿಲ್ಲುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಮುಂದಿನ ತುದಿಯಲ್ಲಿ ಇಂಜಿನ್ನಿನ ಜೊತೆಗೆ ಮೂರು ವ್ಯಾಗನ್ನಿಗಷ್ಟೇ ಸ್ಥಳ. ಎಂಟು ವ್ಯಾಗನ್ನುಗಳಿಂದ ಚೀಟಿ ಎತ್ತಿ ಐದನ್ನು ಆರಿಸಬೇಕು; ಚೀಟಿ ಬಂದ ಕ್ರಮದಲ್ಲೇ ಅವನ್ನು ಶಂಟಿಂಗ್ ಮಾಡಿ ಜೋಡಿಸಬೇಕು. ಹೀಗೆ 6720 ಬಗೆಯ ಗಾಡಿಗಳು ಸಾಧ್ಯ! ಒಂದೇ ವೃತ್ತದಲ್ಲಿ ಸುತ್ತುವ ರೈಲು ಬೇಗ ಬೇಸರ ತರಿಸಬಹುದು, ಇದು ಹಾಗಲ್ಲ. 160ರಲ್ಲಿ ಒಂದು ಪಾಲಿನ ಎನ್ ಅಳತೆ ಹಿಡಿದರೆ ವ್ಯಾಗನ್ ಏಳು ಸೆಂಟಿಮೀಟರಿಗೂ ಕಡಿಮೆ. ಮೀಟರ್ ಉದ್ದದ, ಅಡಿಯಗಲದ ಹಲಗೆಯಲ್ಲಿ ಎಲ್ಲವೂ ಹಿಡಿಸುತ್ತದೆ.

ಕಟ್ಟಡಗಳ ವಿಷಯದಲ್ಲಿ ಧಾರಾಳವಾಗಿ ಸುಳ್ಳು ಹೇಳಬೇಕು. ನೂರು ಮೀಟರಿನ ಕೂಲಿಂಗ್ ಟವರ್ ಎನ್ ಅಳತೆಯಲ್ಲೂ ಎರಡಡಿ ಮೀರುತ್ತದೆ. ಅದನ್ನು ಹಿಂಬದಿಯ ರಟ್ಟಿನ ಮೇಲೆ ಚಿಕ್ಕದಾಗಿ, ಮಸುಕಾಗಿ ಬರೆದರೆ ದೂರದಲ್ಲಿರುವಂತೆ ಕಾಣುತ್ತದೆ. ವ್ಯಾಗನ್ನಿಗೆ ಮಾತ್ರ ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಜರಡಿ ಹಿಡಿದು ತುಂಬಬಹುದು.

ಈ ಊರಿಗೆ ಇನ್ನೊಂದು ಅದೃಷ್ಟವಿದೆ. 2015ರವರೆಗೆ ಇತವಾರಿ–ಛಿಂದವಾಡಾ ನ್ಯಾರೋ ಗೇಜ್ ರೈಲು ಇಲ್ಲಿ ಹಾದುಹೋಗುತ್ತಿತ್ತು. ಹಳಿಗಳ ನಡುವಿನ ಅಂತರ 762 ಮಿಲಿಮೀಟರ್; ನಮ್ಮ ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರದ ಹಳೆಯ ಪುಟ್ಟ ರೈಲಿಗೂ ಅಷ್ಟೇ. ಎಚ್‌ಒ ಅಳತೆಗೆಂದು 87ರಿಂದ ಭಾಗಿಸಿದರೆ 8.76. ಎನ್ ಅಳತೆಯ ಸಿದ್ಧ ಹಳಿ 9 ಮಿಲಿಮೀಟರ್, ವ್ಯತ್ಯಾಸ ಕಣ್ಣಿಗೆ ಬೀಳದು. ಬ್ರಾಡ್ ಗೇಜಿಗೆ ಈ ಭಾಗ್ಯವಿಲ್ಲ: ಎಚ್‌ಒದಲ್ಲಿ ಬೇಕಾದದ್ದು 19.3, ಸಿಗುವ ಹಳಿ 16.5. ಮೇಲಾಗಿ ನ್ಯಾರೋ ಗೇಜ್ ಗಾಡಿ ಗಿಡ್ಡ, ತಿರುವು ಬಿಗಿ. ಇಕ್ಕಟ್ಟಿನ ಜಾಗಕ್ಕೆ ಹೇಳಿ ಮಾಡಿಸಿದಂಥದ್ದು. ಅಸಲಿ ಇಂಜಿನ್ ನೋಡಿ ಬರಲು ನಾಗಪುರದ ಮೋತಿಬಾಗ್‌ನಲ್ಲಿ 2002ರಲ್ಲಿ ತೆರೆದ ನ್ಯಾರೋ ಗೇಜ್ ವಸ್ತುಸಂಗ್ರಹಾಲಯವಿದೆ.

ಹಳಿಗೆ ಜಲ್ಲಿ ಅಂಟಿಸುವ ಕೆಲಸ ಕೊನೆಗಿರಲಿ. ಅದಕ್ಕೆ ಮೊದಲು ಕೆಲವು ದಿನ ಇಂಜಿನ್ನನ್ನು ಅತಿ ನಿಧಾನವಾಗಿ ಓಡಿಸಿ, ಎಲ್ಲಿ ಮುಗ್ಗರಿಸುತ್ತದೋ ಅಲ್ಲಿ ಹಳಿ ಸರಿಪಡಿಸಬೇಕು. ಅಂಟು ಒಣಗಿದ ಮೇಲೆ ಪಾಯಿಂಟ್ ಕೀಳುವುದು ಬಹಳ ಕಷ್ಟ.