ಭರ್ತೃವೆಂಬ ಪದದ ಭಾರ



ಅಕ್ಷತೆ ಬೀಳುವುದು ಒಂದು ಕ್ಷಣದ ಕೆಲಸ; ಗಂಡನಾಗುವುದು ವರುಷಗಳ ಸಾಧನೆ. ಇದನ್ನು ಇಂದು ಒಂದು ಕಾದಂಬರಿಯ ಮೂಲಕ ಹೇಳಬಯಸುತ್ತೇವೆ. ಸ್ವಾಮಿಗಳಿಗೇಕೆ ಕಾದಂಬರಿ ಎನ್ನಬೇಡಿರಿ. ಸಂಸಾರದಲ್ಲಿ ಗಂಟು ಬೀಳುವುದೆಲ್ಲಿ ಎಂದು ತೋರಿಸುವ ಗ್ರಂಥ ಓದತಕ್ಕದ್ದೇ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಪ್ರಕಟವಾಯಿತು. ಈ ಮಾತು ನಾವು ಕಲಿತ ಅಮರಕೋಶದಲ್ಲಿಲ್ಲ. ಬಿಡಿಸಲಾಗದ ಸಿಕ್ಕಿಗೆ ಒಂದು ಮನೆಯ ಮಕ್ಕಳು ಕಟ್ಟಿಕೊಂಡ ಹೆಸರದು. ಬೆಂಗಳೂರಿನ ಒಂದು ಬಡ ಕುಟುಂಬ. ಚಿಕ್ಕಪ್ಪ ‘ಸೋನಾ ಮಸಾಲಾ’ ಎಂಬ ವ್ಯಾಪಾರ ಹೂಡುತ್ತಾನೆ, ಮನೆಗೆ ಹಣ ಹರಿದುಬರುತ್ತದೆ. ಕಥೆ ಹೇಳುವ ಯುವಕ ಆ ವ್ಯಾಪಾರದಲ್ಲಿ ಹೆಸರಿಗೆ ಡೈರೆಕ್ಟರು. ಕೆಲಸವಿಲ್ಲ, ಸಂಬಳವುಂಟು. ಅನಿತಾ ಎಂಬ ಹುಡುಗಿಯನ್ನು ಮದುವೆಯಾಗುತ್ತಾನೆ. ಗಂಡ ಉಣ್ಣುವುದು ಚಿಕ್ಕಪ್ಪನ ದುಡಿಮೆಯನ್ನು ಎಂದು ತಿಳಿದಾಗ ಆಕೆಗೆ ನಾಚಿಕೆಯಾಗುತ್ತದೆ. ಅವನಿಗೆ ಆಗುವುದಿಲ್ಲ!

ಸೋನಾ ಎಂದೊಡನೆ ನಗುತ್ತಿದ್ದೀರಿ. ಸಿದ್ದಾಪುರದ ಗದ್ದೆಗಳಿಗೂ ಸೋನಾ ಮಸೂರಿ ಹೊಸದಲ್ಲವಷ್ಟೆ! 1953ರಲ್ಲಿ ತುಂಗಭದ್ರೆಯ ಆಣೆಕಟ್ಟಿನಿಂದ ನೀರು ಹರಿಯುವ ಮೊದಲು ಇದು ಜೋಳದ ಸೀಮೆ. ಎಡದಂಡೆ ಕಾಲುವೆ ಬಂದಿತು, ಭತ್ತ ಬಂದಿತು, ಅಕ್ಕಿಯ ಗಿರಣಿಗಳು ಬಂದವು. ಅಜ್ಜ ಕೆಸರು ತುಳಿದನು, ಅಪ್ಪ ಲೆಕ್ಕ ಬರೆದನು. ಮಗನು ಏನು ಮಾಡುತ್ತಿದ್ದಾನೆ? ಈ ಪ್ರಶ್ನೆಯನ್ನು ಹೊಸ ಸೊಸೆ ಕೇಳಿದರೆ ಅದು ಉದ್ಧಟತನವಲ್ಲ.

ಸಂಸ್ಕೃತದಲ್ಲಿ ಗಂಡನಿಗಿರುವ ಹೆಸರುಗಳಲ್ಲಿ ಎರಡನ್ನು ನೋಡಿರಿ. ‘ಭೃ’ ಧಾತುವಿನಿಂದ ಭರ್ತೃ, ಹೊರುವವನು. ‘ಪಾ’ ಧಾತುವಿನಿಂದ ಪತಿ, ಕಾಯುವವನು. ಕಥೆಯ ಯುವಕ ಹೊರಲಿಲ್ಲವೆಂಬುದನ್ನು ಕಂಡೆವು. ಕಾದನೇ?

ಒಂದು ದಿನ ಚಿಕ್ಕಪ್ಪನನ್ನು ಕೇಳಿಕೊಂಡು ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬರುತ್ತಾಳೆ. ಅವನಿಗೆ ಪ್ರಿಯವೆಂದು ಮಸೂರ ಬೇಳೆಯ ಸಾರು ತಂದಿರುತ್ತಾಳೆ. ಮನೆಯ ಹೆಂಗಸರು ಬಾಯಿಗೆ ಬಂದಂತೆ ಬೈದು ಅವಳನ್ನು ಓಡಿಸುತ್ತಾರೆ. ಗಂಡಸರು ಸುಮ್ಮನಿರುತ್ತಾರೆ. ಇದು ಅನ್ಯಾಯವೆಂದು ಎದುರಾಡಿದವಳು ಸೊಸೆಯೊಬ್ಬಳೇ. ಆಗ ಗಂಡ ಅವಳ ಪಕ್ಕದಲ್ಲಿ ನಿಲ್ಲಲಿಲ್ಲ. ಕಥೆ ಮುಗಿಯುವಾಗ ತವರಿಗೆ ಹೋದ ಹೆಂಡತಿ ಮರಳಿಲ್ಲ. ಅವನ ಎದೆಯಲ್ಲಿ ಭಯ ಕುಳಿತಿದೆ. ಬೈದವರದಷ್ಟೇ ಅಲ್ಲ, ಸುಮ್ಮನಿದ್ದವನದೂ ಪಾಪವೇ.

ವರರೇ, ತಾಯಿಯನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಅವ್ವನ ಮಾತು ತಪ್ಪಾದ ದಿನ ‘ಅವ್ವಾ, ಇದು ಸರಿಯಲ್ಲ’ ಎಂದು ಮೆಲ್ಲಗೆ ಹೇಳಬಲ್ಲವನೇ ಪತಿ. ಹೆಂಡತಿ ತಪ್ಪಿದ ದಿನವೂ ಅಷ್ಟೇ ಮೆಲ್ಲಗೆ ಹೇಳಿರಿ. ಅತ್ತೆಯಂದಿರೇ, ಮಗ ಹಾಗೆ ಹೇಳಿದಾಗ ಕೈಬಿಟ್ಟು ಹೋದನೆಂದು ಅಳಬೇಡಿರಿ, ಬೆಳೆದನೆಂದು ತಿಳಿಯಿರಿ.

ನಮ್ಮ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯನವರನ್ನು ನೆನೆಯಿರಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದರು. ಲಕ್ಕಮ್ಮನವರು ಹಿಂದಕ್ಕೆ ಸುರಿದು ಬನ್ನಿರೆಂದರು. ಮಾರಯ್ಯನವರು ಸಿಟ್ಟಾಗಲಿಲ್ಲ, ಅಕ್ಕಿಯನ್ನು ಹಿಂದಕ್ಕೆ ಒಯ್ದರು. ಹೆಂಡತಿಯ ಮಾತಿನಿಂದ ಅವರು ಸಣ್ಣವರಾಗಲಿಲ್ಲ; ಶರಣರಾಗಿ ಉಳಿದರು. ಅಕ್ಕಿ ಬೆಳೆಯುವ ನಾಡಿನ ನಮಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ?

ನಿಮ್ಮ ಮನೆಗಳಲ್ಲಿಯೂ ಗಂಟು ಬೀಳುತ್ತದೆ. ಬಿದ್ದಾಗ ಒಬ್ಬರು ಒಂದು ತುದಿ, ಮತ್ತೊಬ್ಬರು ಇನ್ನೊಂದು ತುದಿ ಹಿಡಿದು ಜಗ್ಗಬೇಡಿರಿ. ಇಬ್ಬರೂ ಕೂಡಿ ಕುಳಿತು ಬಿಡಿಸಿರಿ. ನಿಮ್ಮ ಅನ್ನ ನಿಮ್ಮ ಕಾಯಕದ್ದಾಗಲಿ, ಮನೆಗೆ ಬಂದವಳ ಮಾತಿಗೆ ಮನೆಯಲ್ಲಿ ಸ್ಥಳವಿರಲಿ ಎಂದು ಹರಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.