ಕಾಯಿಲೆ ಬೀಳದ ಕೂಸುಗಳು

(ಸುವರ್ಣ ಮಹೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಪಕ್ಕದ ಮನೆಯ ಎಂಟು ತಿಂಗಳ ಕೂಸು ವಾಂತಿಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡಿತು. ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆ ಎಂದು ದೊಡ್ಡವರು ನೀರನ್ನೇ ಕೊಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ ನನಗೂ ತಿಳಿಯಲಿಲ್ಲ. ನಾನು ಮಕ್ಕಳ ವೈದ್ಯನಾದದ್ದಕ್ಕೆ ಆ ಕೊರಗೇ ಕಾರಣ. ಆದರೆ ಇವತ್ತು ನನ್ನ ಕಥೆ ಹೇಳುವುದಿಲ್ಲ. ಅಂಥ ಕೂಸುಗಳಿಗಾಗಿ ದುಡಿದ ಡಾ. ಮಹಾರಾಜ್ ಕಿಶನ್ ಭಾನ್ ಅವರ ವಿಷಯ ಹೇಳುತ್ತೇನೆ.

1947ರಲ್ಲಿ ಹುಟ್ಟಿದ ಭಾನ್ ಪುಣೆಯಲ್ಲಿ ಎಂಬಿಬಿಎಸ್, ಚಂಡೀಗಢದಲ್ಲಿ ಎಂ.ಡಿ. ಮುಗಿಸಿ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ವೈದ್ಯರಾದರು. ಮಕ್ಕಳಿಗೆ ತೀವ್ರ ಭೇದಿ ತರುವ ರೋಟಾವೈರಸ್ಸನ್ನು 1973ರಲ್ಲೇ ಆಸ್ಟ್ರೇಲಿಯಾದಲ್ಲಿ ಗುರುತಿಸಿದ್ದರು. 1980ರ ದಶಕದ ನಡುವೆ ಏಮ್ಸ್‌ನ ನವಜಾತ ಶಿಶುಗಳ ಮಲದಲ್ಲಿ ಈ ವೈರಸ್ ಸಿಕ್ಕಿತು. ಸೋಜಿಗವೆಂದರೆ ಆ ಕೂಸುಗಳಿಗೆ ಭೇದಿಯೇ ಇರಲಿಲ್ಲ. ಕಾಯಿಲೆಯಿಲ್ಲವಲ್ಲ ಎಂದು ಸುಮ್ಮನಾಗಬಹುದಿತ್ತು. ಭಾನ್ ಮತ್ತು ಅವರ ಜೊತೆಗಾರರು ಸುಮ್ಮನಾಗದೆ, ಆ ಮಕ್ಕಳು ಬೆಳೆಯುವುದನ್ನು ಗಮನಿಸುತ್ತ ಹೋದರು. ಹುಟ್ಟಿದಾಗಲೇ ಆ ಸೋಂಕು ತಗುಲಿದ್ದ ಮಕ್ಕಳಿಗೆ ಮುಂದೆ ರೋಟಾ ಭೇದಿಯಿಂದ ರಕ್ಷಣೆ ಸಿಕ್ಕಿತ್ತು. ಪ್ರಕೃತಿಯೇ ಲಸಿಕೆ ಹಾಕಿದಂತಾಗಿತ್ತು! ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸಿ. ದುರ್ಗಾರಾವ್ ಅವರ ತಂಡ ಇಂಥದೇ ಒಂದು ತಳಿಯನ್ನು ಕಂಡುಹಿಡಿದಿತ್ತು. ಕೊನೆಗೆ ಲಸಿಕೆಯಾದದ್ದು ದೆಹಲಿಯ 116ಇ ಎಂಬ ತಳಿ.

ಅದು ಸುಲಭಕ್ಕೆ ಆಗಲಿಲ್ಲ. ಹೈದರಾಬಾದಿನ ಭಾರತ್ ಬಯೋಟೆಕ್ ಲಸಿಕೆ ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಶಿಶುಗಳ ಮೇಲೆ ದೊಡ್ಡ ಪರೀಕ್ಷೆ ನಡೆದು 2013ರಲ್ಲಿ ಫಲಿತಾಂಶ ಬಂತು: ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿ ಅರ್ಧಕ್ಕಿಂತ ತುಸು ಹೆಚ್ಚೇ ತಗ್ಗಿತ್ತು. ಅರ್ಧವೇನಾ ಎಂದು ನೀವು ಕೇಳಬಹುದು. ಒಣಗಿದ ತುಟಿಯ, ಗುಳಿಬಿದ್ದ ಕಣ್ಣಿನ ಕೂಸನ್ನು ಎತ್ತಿಕೊಂಡು ರಾತ್ರಿ ಓಡಿಬರುವ ತಾಯಂದಿರನ್ನು ಕಂಡ ನನಗೆ ಆ ಅರ್ಧದ ಬೆಲೆ ಗೊತ್ತು.

2016ರ ಮಾರ್ಚ್‌ನಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರಿ ಲಸಿಕೆಯಾಗಿ ಅದು ಬಂತು. ಐದೇ ಹನಿ, ಬಾಯಿಗೆ. ಆ ವಾರ್ಡಿನ ಕೂಸುಗಳಿಂದ ಈ ಹನಿಯವರೆಗೆ ಸುಮಾರು ಮೂವತ್ತು ವರ್ಷ. ಇಂದು ರೋಟಾ ಲಸಿಕೆ ನಮ್ಮ ರಾಜ್ಯದಲ್ಲೂ ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಉಚಿತವಾಗಿ ಸಿಗುತ್ತದೆ. ಭಾನ್ 2020ರ ಜನವರಿ 26ರಂದು ತೀರಿಕೊಂಡರು.

ಮಕ್ಕಳೆ, ರೋಗ ಯಾಕೆ ಬಂತೆಂದು ಎಲ್ಲರೂ ಕೇಳುತ್ತಾರೆ. ಯಾಕೆ ಬರಲಿಲ್ಲ ಎಂದೂ ಕೇಳಿ. ಇನ್ನೊಂದು ಮಾತು. ಲಸಿಕೆ ಹಾಕಿಸಿದ ಮೇಲೂ ಭೇದಿ ಬರಬಹುದು. ಆಗ ಎದೆಹಾಲು ನಿಲ್ಲಿಸಬಾರದು. ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇವತ್ತು ಮನೆಗೆ ಹೋಗಿ ಇದನ್ನು ಹೇಳಿ. ಅಂದು ಬಾಗಿಲಲ್ಲಿ ನಿಂತಿದ್ದ ನನಗೆ ಇಷ್ಟು ತಿಳಿದಿರಲಿಲ್ಲ. ನಿಮಗೆ ತಿಳಿದಿದೆ.