ನಾಯಿಯ ತಿಳಿವಳಿಕೆಯೂ ನಮ್ಮ ಕೈಯೂ



ನಾಯಿಯು ಮನುಷ್ಯನ ಇಂಗಿತವನ್ನು ಬಲ್ಲುದೆಂಬ ಮಾತು ಲೋಕರೂಢಿಯಲ್ಲಿದೆ. ಈ ಅರಿವು ಅದಕ್ಕೆ ಹೇಗೆ ಬಂದಿತೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಎರಡು ಬಟ್ಟಲುಗಳನ್ನು ಮುಚ್ಚಿಟ್ಟು, ಒಂದರಲ್ಲಿ ತಿನಿಸನ್ನು ಅಡಗಿಸಿ, ಅದರ ಕಡೆಗೆ ಬೆರಳು ತೋರಿದರೆ ನಾಯಿಯು ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ. ಎಂಟು ವಾರದ ಮರಿಗೂ ಇದು ತಿಳಿಯುತ್ತದೆ. ನಮಗೆ ಅತಿ ಸಮೀಪದ ಬಂಧುವೆನಿಸಿದ ಚಿಂಪಾಂಜಿಯಾದರೋ ಇಂಥ ಪರೀಕ್ಷೆಯಲ್ಲಿ ತಡವರಿಸುವುದೆಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ಹಾಗಾದರೆ ನಾಯಿಯು ಚಿಂಪಾಂಜಿಗಿಂತ ಜಾಣ ಪ್ರಾಣಿಯೆ? ಹಾಗೆನ್ನಲಾಗದು. ಅದರ ಜಾಣತನವೆಲ್ಲ ನಮ್ಮ ಕಡೆಗೆ ತಿರುಗಿರುವುದೇ ಅದರ ವಿಶೇಷ. ಹಂಗೇರಿಯ ಬುಡಾಪೆಸ್ಟ್ ನಗರದ ವಿದ್ವಾಂಸರು ತೆರೆಯಲಾಗದಂತೆ ಬಿಗಿದ ತಿನಿಸಿನ ಡಬ್ಬಿಯನ್ನು ತೋಳಕ್ಕೂ ನಾಯಿಗೂ ಕೊಟ್ಟು ನೋಡಿದರು. ಮನುಷ್ಯರೇ ಸಾಕಿದ ತೋಳವು ಡಬ್ಬಿಯೊಡನೆ ಹೆಣಗುತ್ತಲೇ ಇದ್ದಿತು. ನಾಯಿಯು ಬೇಗನೆ ಹಿಂದಿರುಗಿ ಮನುಷ್ಯನ ಮುಖವನ್ನು ನೋಡಿತು. ಇದು 2003ರಲ್ಲಿ ಪ್ರಕಟವಾದ ಸಂಗತಿ.

ಇದಕ್ಕೆ ಮೂಲವೇನು? 1959ರಲ್ಲಿ ದ್ಮಿತ್ರಿ ಬೆಲ್ಯಾಯೆವ್ ಎಂಬ ರಷ್ಯದ ತಳಿಶಾಸ್ತ್ರಜ್ಞರು ಸೈಬೀರಿಯದಲ್ಲಿ ಒಂದು ಪ್ರಯೋಗವನ್ನು ಕೈಗೊಂಡರು. ತುಪ್ಪುಳಿಗಾಗಿ ಸಾಕುತ್ತಿದ್ದ ನರಿಗಳಲ್ಲಿ, ಮನುಷ್ಯನನ್ನು ಕಂಡು ಅಂಜದ, ಗುರುಗುಟ್ಟದ ನರಿಗಳನ್ನು ಮಾತ್ರ ಆರಿಸಿ ಸಂತತಿ ಬೆಳೆಸಿದರು. ಕೆಲವೇ ತಲೆಮಾರುಗಳಲ್ಲಿ ಮರಿಗಳು ಬಾಲವಾಡಿಸುತ್ತ ಮನುಷ್ಯರ ಬಳಿಗೆ ಬರತೊಡಗಿದುವು. ಬುದ್ಧಿಯನ್ನು ನೋಡಿ ಯಾರೂ ಅವುಗಳನ್ನು ಆರಿಸಿರಲಿಲ್ಲ. ಆದರೂ ಆ ವಂಶದ ಮರಿಗಳು ಬೆರಳಿನ ಸನ್ನೆಯನ್ನು ನಾಯಿಮರಿಗಳಷ್ಟೇ ಚೆನ್ನಾಗಿ ಗ್ರಹಿಸಿದುವೆಂದು 2005ರಲ್ಲಿ ತಿಳಿದುಬಂದಿತು. ಭಯವು ತೊಲಗಿದ ಮೇಲೆ ತಿಳಿವಳಿಕೆಯು ಅದರ ಬೆನ್ನಿಗೇ ಬಂದಿತೆಂದು ವಿದ್ವಾಂಸರು ಊಹಿಸಿದರು. ನಾಯಿಯ ಪೂರ್ವಜರಲ್ಲಿಯೂ ಹೀಗೆಯೇ ನಡೆದಿರಬಹುದು.

ಈಗ ನಮ್ಮ ದೇಶದ ಬೀದಿಗೆ ಬರೋಣ. ಕೋಲ್ಕತ್ತದ ವಿಜ್ಞಾನಿಗಳು ಯಾರೂ ಸಾಕದ, ಯಾರೂ ಕಲಿಸದ ಬೀದಿನಾಯಿಗಳನ್ನು ಇದೇ ಬಗೆಯಾಗಿ ಪರೀಕ್ಷಿಸಿ, ಫಲವನ್ನು 2020ರಲ್ಲಿ ಪ್ರಕಟಿಸಿದರು. ಹತ್ತಿರ ಬಂದ ನಾಯಿಗಳಲ್ಲಿ ನೂರಕ್ಕೆ ಸುಮಾರು 80ರಷ್ಟು ಬೆರಳು ತೋರಿದ ಕಡೆಗೇ ಹೋದುವು. ಆದರೆ ಪರೀಕ್ಷೆಗೆ ಒಳಪಟ್ಟವುಗಳಲ್ಲಿ ಸುಮಾರು ಅರ್ಧದಷ್ಟು ಬಟ್ಟಲಿನ ಹತ್ತಿರಕ್ಕೇ ಬರಲಿಲ್ಲ. ಅವುಗಳಲ್ಲಿ ಅಳುಕು ಕಂಡುಬಂದಿತು. ಹಿಂದೆ ಮನುಷ್ಯರಿಂದ ಪೆಟ್ಟು ತಿಂದಿದ್ದುವೋ ಏನೋ!

ದಾರಿ ತೋರುವ ಕೈಯೇ ಕಲ್ಲನ್ನೂ ಎತ್ತಬಲ್ಲುದು. ಆ ಎರಡನ್ನೂ ನಾಯಿಯು ಬಲ್ಲುದು. ಹಚ್ಚಿದ ನಾಯಿಯ ಕಡಿತಕ್ಕೆ ಹೆದರುವುದು ನ್ಯಾಯವೇ; ಅದಕ್ಕೆ ಲಸಿಕೆಯುಂಟು. ಸುಮ್ಮನಿರುವ ನಾಯಿಗೆ ಕಲ್ಲೆಸೆದರೆ ಮಾತ್ರ, ಸಾವಿರಾರು ವರ್ಷಗಳಲ್ಲಿ ಅಳಿದ ಭಯವನ್ನು ನಾವೇ ಮತ್ತೆ ಬಿತ್ತಿದಂತಾಗುವುದು. ನಮ್ಮ ಮಕ್ಕಳಿಗೆ ಇಷ್ಟನ್ನು ಕಲಿಸಿದರೂ ಸಾಕು.